ಜಾಡಿಯೊಳಗಿನ ತಾಯಿ

ಆ ಗುರುವಾರವೂ ಎಂದಿನಂತೆ ಐದೂವರೆಗೆ ಎದ್ದೆ. ಎರಡು ಸಾವಿರದ ಆರೋ ಏಳೋ ಇರಬೇಕು, ಜನವರಿಯ ಕೊನೆಯ ವಾರ. ಕೊಪ್ಪದಲ್ಲಿ ಆ ಹೊತ್ತಿಗೆ ಬಾಗಿಲು ತೆಗೆದರೆ ನಮ್ಮ ಗೇಟು ನಮಗೇ ಕಾಣದಷ್ಟು ಮಂಜು. ಬಸ್‌ಸ್ಟ್ಯಾಂಡಿನ ಕಡೆಯಿಂದ ಮೊದಲ ಬಸ್ಸು ಇಂಜಿನ್ ಬಿಸಿ ಮಾಡಿಕೊಳ್ಳುವ ಸದ್ದಷ್ಟೇ ಕೇಳುತ್ತಿತ್ತು. ಬಚ್ಚಲ ಒಲೆಗೆ ಬೆಂಕಿ ಹಾಕಿ, ಹೊಸಿಲು ತೊಳೆದು, ನಾಲ್ಕೆಳೆಯ ರಂಗೋಲಿ ಎಳೆದೆ. ಗೇಟಿಗೆ ಸಿಕ್ಕಿಸಿದ್ದ ಚೀಲದಲ್ಲಿ ಹಾಲಿನ ಪ್ಯಾಕೆಟ್ಟು ಕೈ ಮರಗಟ್ಟುವಷ್ಟು ತಣ್ಣಗಿತ್ತು. ನಮ್ಮನೆಯವರು ಸ್ನಾನ ಮಾಡಿ ಪೂಜೆಗೆ ಕೂತರು. ಅವರು ವಿಭೂತಿ ಹಚ್ಚಿಕೊಂಡು ಏಳುವಷ್ಟರಲ್ಲಿ ಅಕ್ಕಿರೊಟ್ಟಿ, ಕಾಯಿಚಟ್ನಿ ಆಗಿತ್ತು. ಮಧ್ಯಾಹ್ನದ ಊಟವನ್ನು ಕ್ಯಾರಿಯರಿಗೆ ತುಂಬಿಕೊಟ್ಟೆ. ಅವರದು ನಲ್ಲಿ, ಪೈಪು, ಮೋಟಾರಿನ ಬಿಡಿಭಾಗಗಳ ಅಂಗಡಿ. ಎಂಟು ಗಂಟೆಗೆ ಸ್ಕೂಟರ್ ತೆಗೆಯುವಾಗ ದಿನಾ ಎರಡು ಮಾತು ಹೇಳುತ್ತಿದ್ದರು: "ಬಾಗಿಲು ಹಾಕ್ಕೋ. ಗ್ಯಾಸ್ ನೋಡ್ಕೋ." ಆ ದಿನವೂ ಹೇಳಿ ಹೋದರು. ನಮಗೆ ಮಕ್ಕಳಾಗಿರಲಿಲ್ಲ. ಅವರು ಹೋದಮೇಲೆ ಮನೆಯೊಳಗೆ ಮಾತಾಡುವುದು ರೇಡಿಯೋ ಒಂದೇ.

ಗುರುವಾರ ಮಾತ್ರ ನನಗೊಂದು ಕೆಲಸವಿತ್ತು. ಅಡುಗೆಮನೆಯ ಮೂಲೆಯಲ್ಲಿ ಒಂದು ಅಗಲ ಬಾಯಿಯ ಗಾಜಿನ ಜಾಡಿ. ಅದರಲ್ಲಿ ಹಸಿರು ಚಹಾದ ಡಿಕಾಕ್ಷನ್ನಿಗೆ ಜೇನು ಬೆರೆಸಿ ಇಟ್ಟ ನೀರು. ನೀರಿನ ಮೇಲೆ ಬಿಳಿಯ ಒಂದು ಬಿಲ್ಲೆ, ಎಳನೀರಿನ ಗಂಜಿಯಷ್ಟು ದಪ್ಪ, ಮುಟ್ಟಿದರೆ ಜಾರುವಂಥದ್ದು. ಅದನ್ನು ತಾಯಿ ಎನ್ನುತ್ತಾರೆ. ಚಹಾ ಕುದಿಸಿ, ಬೆರಳು ಅದ್ದುವಷ್ಟು ಆರಿದ ಮೇಲೆ ಜೇನು ಹಾಕಬೇಕು. ಅದರ ಮೇಲೆ ತಾಯಿಯನ್ನು ತೇಲಿಬಿಟ್ಟು, ಪಂಚೆಯ ತುಂಡಿನಿಂದ ಬಾಯಿ ಕಟ್ಟಿಟ್ಟರೆ ವಾರದೊಳಗೆ ಸಿಹಿಯೆಲ್ಲ ಹುಳಿಯಾಗುತ್ತದೆ. ಬಾಟಲಿಗೆ ಬಗ್ಗಿಸಿ ಎರಡು ದಿನ ಬಿಗಿಯಾಗಿ ಮುಚ್ಚಿಟ್ಟು ಕುಡಿದರೆ ನಾಲಗೆಯ ತುದಿಯಲ್ಲಿ ಚಿಟಿಚಿಟಿ ಎನ್ನುತ್ತದೆ. ಕೊನೆಯಲ್ಲಿ, ಗಂಟಲಿಗಿಳಿದ ಮೇಲೆ, ಜೇನಿನ ನೆನಪು ಬರುತ್ತದೆ. ಪ್ರತಿ ಸಲವೂ ತಾಯಿಯ ಮೇಲೆ ಹೊಸದೊಂದು ತೆಳು ಪದರ ಹುಟ್ಟುತ್ತದೆ. ಅದನ್ನು ಬಿಡಿಸಿ ಬೇರೆಯವರಿಗೆ ಕೊಡಬಹುದು.

ಆ ಬೆಳಿಗ್ಗೆ ಬಟ್ಟೆ ಬಿಚ್ಚಿದರೆ ತಾಯಿಯ ಮೇಲೆ ಮೂರು ಚುಕ್ಕೆ ಬೂಷ್ಟು. ನಡುವೆ ಬೂದು, ಅಂಚಿನಲ್ಲಿ ಹಸಿರು, ಹತ್ತಿಯಂತೆ ಉಬ್ಬಿಕೊಂಡು. ದೀಪದ ಕೆಳಗೆ ತಂದು ನೋಡಿದೆ, ಕಿಟಕಿಯ ಬೆಳಕಿಗೆ ಹಿಡಿದು ನೋಡಿದೆ. ಬೂಷ್ಟೇ. ಬೂಷ್ಟು ಬಂದ ತಾಯಿಯನ್ನು ತೊಳೆದು ಬಳಸುವಂತಿಲ್ಲ.

ತಪ್ಪು ನನ್ನದು. ಹಳೆಯ ಹುಳಿನೀರನ್ನು ಒಂದಿಷ್ಟು ಉಳಿಸಿ ಹೊಸದರೊಳಗೆ ಸುರಿಯಬೇಕು, ಅದೇ ತಾಯಿಯನ್ನು ಕಾಯುವುದು. ಹಿಂದಿನ ವಾರ ನಾನು ಆಸೆಗೆ ಬಿದ್ದು ಅಷ್ಟನ್ನೂ ಬಾಟಲಿಗೆ ತುಂಬಿಸಿಬಿಟ್ಟಿದ್ದೆ. ತಾಯಿಯ ಜೊತೆ ಎರಡು ಬಾಟಲಿಯನ್ನೂ ಸಿಸ್ಟರಿಗೆ ಕಳಿಸೋಣವೆಂದು. ಬಾಟಲಿಯ ನೀರಿನಿಂದ ಹೊಸ ತಾಯಿ ಹುಟ್ಟುವುದುಂಟು. ಆದರೆ ಆ ಚಳಿಯಲ್ಲಿ ಅದಕ್ಕೆ ತಿಂಗಳಾದರೂ ಬೇಕು. ನನಗಿದ್ದದ್ದು ಮರುದಿನ ಬೆಳಿಗ್ಗೆ ಹತ್ತರವರೆಗೆ.

ಸಿಸ್ಟರ್ ಎಂದರೆ ನಾನು ಓದಿದ ಕಾನ್ವೆಂಟ್ ಬೋರ್ಡಿಂಗಿನಲ್ಲಿ ನನ್ನ ಕ್ಲಾಸ್ ಟೀಚರ್ ಆಗಿದ್ದವರು. ನಮ್ಮ ಶಾಲೆಗೆ ಬರುವ ಮೊದಲು ಎಷ್ಟೋ ವರ್ಷ ಉತ್ತರದ ಹಿಮದ ಬೆಟ್ಟಗಳ ಶಾಲೆಯೊಂದರಲ್ಲಿದ್ದರಂತೆ. ಈ ಪಾನೀಯ ಅಲ್ಲಿಂದ ತಂದದ್ದು. ಜುನ್ ಅಂತ ಅದರ ಹೆಸರು. ನನ್ನ ಮದುವೆಯಾಗಿ ಐದಾರು ವರ್ಷದ ಮೇಲೆ ಯಾವುದೋ ಕೆಲಸಕ್ಕೆ ಕೊಪ್ಪಕ್ಕೆ ಬಂದವರು ವಿಳಾಸ ಹುಡುಕಿಕೊಂಡು ಮನೆಗೆ ಬಂದರು. ನಮ್ಮ ಮನೆಗೆ ಬರುವವರೆಲ್ಲ ಅಂಗಡಿಯ ಸಂಬಂಧದಿಂದಲೋ ನಮ್ಮನೆಯವರ ಕಡೆಯಿಂದಲೋ ಬರುವವರು. ನನ್ನನ್ನೇ ನೋಡಲು ಬಂದವರು ಅವರೊಬ್ಬರು. ಅಡುಗೆಮನೆಯ ಸ್ಟೂಲಿನ ಮೇಲೆ ಕೂತು, ಚೀಲದಿಂದ ತಾಯಿಯಿದ್ದ ಜಾಮಿನ ಬಾಟಲಿ ತೆಗೆದು ಕಟ್ಟೆಯ ಮೇಲಿಟ್ಟರು. "ಗಿಡ ಕೊಟ್ಟರೆ ಮಳೆಗೆ ತಾನೇ ಬೆಳೆದುಕೊಳ್ಳುತ್ತದೆ. ಇದಕ್ಕೆ ನೀನೇ ಬೇಕು," ಎಂದರು. ಮನೆಯೆಲ್ಲ ಒಮ್ಮೆ ಕಣ್ಣಾಡಿಸಿದ ಮೇಲೆ ಹೇಳಿದ ಮಾತದು.

ಈಗ ಅವರು ವಯಸ್ಸಾದ ಸಿಸ್ಟರುಗಳ ಮನೆಗೆ ಹೋಗಿದ್ದರು. ಹಿಂದಿನ ವಾರದ ಸೋಮವಾರ ಅವರಿಂದ ಇನ್‌ಲ್ಯಾಂಡ್ ಲೆಟರ್ ಬಂದಿತ್ತು. ಸಾಮಾನು ಸಾಗಿಸುವಾಗ ಜಾಡಿ ಒಡೆದು ತಮ್ಮ ತಾಯಿ ಹೋಯಿತು. ಇಲ್ಲಿ ದಿನಕ್ಕೆ ಎರಡು ಲೋಟ ಕಾಫಿ ಕೊಡುತ್ತಾರೆ, ಅದು ಸೇರುವುದಿಲ್ಲ. ಈ ತಿಂಗಳ ಕೊನೆಯ ಶುಕ್ರವಾರ ನಮ್ಮ ಕಿರಿಯ ಸಿಸ್ಟರ್ ಒಬ್ಬರು ಕೊಪ್ಪದ ಮೇಲೆ ಹಾದು ಬರುತ್ತಾರೆ, ಹತ್ತು ಗಂಟೆಯ ಬಸ್ಸು. ನಿನಗೆ ಕೊಟ್ಟದ್ದರಲ್ಲಿ ಒಂದು ಚೂರು ನನಗೆ ವಾಪಸ್ ಕೊಡುತ್ತೀಯಾ? ಅಷ್ಟೇ ಇತ್ತು. ಅಕ್ಷರಗಳು ಮೊದಲಿನಷ್ಟೇ ದುಂಡಗಿದ್ದವು, ಸಾಲು ಮಾತ್ರ ಬಲಕ್ಕೆ ಹೋಗುತ್ತ ಇಳಿದಿತ್ತು.

ಸ್ಟೂಲಿನ ಮೇಲೆ ಕೂತು ಯಾರಿಗೆಲ್ಲ ಕೊಟ್ಟಿದ್ದೆ ಎಂದು ಯೋಚಿಸಿದೆ. ಮೂವರಿಗೆ. ಶೃಂಗೇರಿಯಲ್ಲಿ ಲಾಡ್ಜ್ ನಡೆಸುವವರ ಮನೆಯಾಕೆಗೆ, ಎನ್.ಆರ್. ಪುರದಲ್ಲಿದ್ದ ನಮ್ಮನೆಯವರ ಅಕ್ಕನಿಗೆ, ಮತ್ತೆ ಪಕ್ಕದ ಮನೆಯವರಿಗೆ. ಮೂವರಿಗೂ ಹಿಂದಿನ ಮೇ ತಿಂಗಳ ಕೊನೆಯಲ್ಲಿ, ಮಾಡುವ ಕ್ರಮವನ್ನು ಚೀಟಿಯಲ್ಲಿ ಅಂದವಾಗಿ ಬರೆದು ಕೊಟ್ಟಿದ್ದೆ. ಕೊಡುವುದು ನನಗೆ ಕಷ್ಟವಾಗಿರಲಿಲ್ಲ. ಕೇಳಿ ಮಾತ್ರ ಅಭ್ಯಾಸವಿರಲಿಲ್ಲ. ಬೋರ್ಡಿಂಗಿನಲ್ಲಿ ಬಾಚಣಿಗೆ, ಪೆನ್ಸಿಲ್, ಟವೆಲ್ ಯಾವುದನ್ನೂ ಇನ್ನೊಬ್ಬರಿಂದ ಕೇಳಿ ಪಡೆಯಬಾರದೆಂಬ ನಿಯಮವಿತ್ತು. ನಾನು ಅದನ್ನು ಗಂಡನ ಮನೆಗೂ ತಂದಿದ್ದೆ. ಕೊಪ್ಪಕ್ಕೆ ಬಂದ ಹೊಸತರಲ್ಲಿ ಸಾಸಿವೆ ಮುಗಿದಾಗ ಒಗ್ಗರಣೆಯಿಲ್ಲದ ಸಾರು ಬಡಿಸಿದ್ದುಂಟು. ಆಗೆಲ್ಲ ಪಕ್ಕದ ಮನೆಯವರು ಬರುತ್ತಿದ್ದರು, ಒಂದು ಲೋಟ ಸಕ್ಕರೆಗೋ ಅರ್ಧ ತೆಂಗಿನಕಾಯಿಗೋ. ಎರಡು ದಿನ ಬಿಟ್ಟು ಲೋಟದ ತುಂಬ ಸಕ್ಕರೆ ತಿರುಗಿ ತಂದರೆ ನಾನು, "ಪರವಾಗಿಲ್ಲ, ಇರಲಿ, ಇಟ್ಟುಕೊಳ್ಳಿ," ಎನ್ನುತ್ತಿದ್ದೆ. ಅದನ್ನು ಸೌಜನ್ಯವೆಂದು ತಿಳಿದಿದ್ದೆ. ಮೂರನೆಯ ಸಲಕ್ಕೆ ಅವರು ಬರುವುದು ನಿಂತಿತು. ಆಮೇಲೆ ನಮ್ಮ ನಡುವೆ ಉಳಿದದ್ದು ಹಿತ್ತಿಲ ಗೋಡೆಯ ಮೇಲಿನ "ತಿಂಡಿ ಆಯ್ತಾ?" ಒಂದೇ.

ಮೊದಲು ಶೃಂಗೇರಿಗೆ ಫೋನು ಮಾಡಿದೆ. ಅವರು ನಮ್ಮ ಅಂಗಡಿಯ ಗಿರಾಕಿಗಳು. ಒಂದು ಮಧ್ಯಾಹ್ನ ಗಂಡ ಪೈಪು ಆರಿಸುವಾಗ ಹೆಂಡತಿ ನಮ್ಮ ಮನೆಯಲ್ಲಿ ಕೂತಿದ್ದರು, ಆಗ ಕೊಟ್ಟಿದ್ದು.

"ಯಾರು? ಕೊಪ್ಪದ ಪೈಪಿನಂಗ್ಡಿ ಮನೆಯಿಂದನಾ? ಹೇಳಿ, ಹೇಳಿ."

ಚಳಿಯ ವಿಷಯ ಮಾತಾಡಿದೆ. ಯಾತ್ರಿಕರ ರಶ್ಶಿನ ವಿಷಯ ಕೇಳಿದೆ. ಆಮೇಲೆ, "ನಿಮ್ಮ ಹತ್ತಿರ ತಾಯಿ ಇದೆಯಾ?" ಎಂದೆ.

"ಯಾರ ತಾಯಿ?"

"ನಾನು ಕೊಟ್ಟಿದ್ದೆನಲ್ಲ, ಜೇನಿನ ಟೀಯಲ್ಲಿ ಹಾಕುವುದು."

"ಓ, ಅದಾ! ಅದನ್ನ ಹೊಳೆಗೆ ಬಿಟ್ಟೆ ಮಾರಾಯ್ರೆ." ಆಕೆ ದನಿ ತಗ್ಗಿಸಿದರು. "ನಮ್ಮತ್ತೆ ಮೂಸಿ ನೋಡಿ, ಇದು ಹೆಂಡದ ವಾಸನೆ ಅಂದ್ರು. ಮಠದ ಹತ್ರದ ಮನೆ, ದಿನಾ ಮಡಿಯವರು ಬಂದು ಇಳೀತಾರೆ. ಬಚ್ಚಲಿಗೆ ಚೆಲ್ಲಾಣ ಅಂದ್ರೆ ನೀವು ತಾಯಿ ಅಂತ ಹೇಳಿ ಕೊಟ್ಟಿದ್ದು. ತಾಯಿನ ಬಚ್ಚಲಿಗೆ ಹಾಕೂಕಾಗ್ತದಾ? ಅರಿಶಿನ ಕುಂಕುಮ ಹಚ್ಚಿ, ಒಂದು ಸೇವಂತಿಗೆ ಇಟ್ಟು ತುಂಗೆಗೆ ಬಿಟ್ಟು ಬಂದೆ. ಮೀನೆಲ್ಲ ಬಂದು ಮೂಸಿದ್ವು, ಒಂದೂ ಬಾಯಿ ಹಾಕ್ಲಿಲ್ಲ."

ಒಳ್ಳೆಯದಾಯಿತೆಂದು ಫೋನಿಟ್ಟೆ.

ಬಟ್ಟೆ ಒಗೆದು ಹಿತ್ತಿಲಿಗೆ ಹೋದಾಗ ಗೋಡೆಯಾಚೆ ಪಕ್ಕದ ಮನೆಯವರೂ ಬಟ್ಟೆ ಹರವುತ್ತಿದ್ದರು. ಬಾಯಲ್ಲಿ ಕ್ಲಿಪ್ಪು ಕಚ್ಚಿಕೊಂಡೇ ನನ್ನ ಕಡೆ ನೋಡಿದರು. ಕ್ಲಿಪ್ಪು ತೆಗೆದು, "ತಿಂಡಿ ಆಯ್ತಾ?" ಎಂದರು.

"ಆಯ್ತು. ನಿಮ್ಮದು?"

"ಆಯ್ತು."

ಅವರು ಇನ್ನೊಂದು ಕ್ಲಿಪ್ಪು ಸಿಕ್ಕಿಸುವವರೆಗೂ ನಿಂತಿದ್ದೆ. ನನ್ನ ಕೈಯಲ್ಲಿ ನಮ್ಮನೆಯವರ ಬನಿಯನ್ನಿನಿಂದ ನೀರು ತೊಟ್ಟಿಕ್ಕುತ್ತಿತ್ತು. ಅವರಿಗೆ ಕೊಡುವಾಗ ಚೀಟಿಯ ಕೊನೆಯಲ್ಲಿ "ಏನಾದರೂ ತಿಳಿಯದಿದ್ದರೆ ದಯವಿಟ್ಟು ಬಂದು ಕೇಳಿ" ಎಂದು ಬರೆದು, ಅಡಿಗೆರೆ ಎಳೆದಿದ್ದೆ. ಎಂಟು ತಿಂಗಳಲ್ಲಿ ಅವರು ಒಮ್ಮೆಯೂ ಬಂದಿರಲಿಲ್ಲ. ಎಸೆದಿರುತ್ತಾರೆ ಎಂದುಕೊಂಡೆ. ಎಸೆದದ್ದನ್ನು ಅವರ ಬಾಯಿಂದ, ಅದೂ ಮುಖ ನೋಡಿಕೊಂಡು ಕೇಳಿಸಿಕೊಳ್ಳುವುದು ನನ್ನಿಂದಾಗುತ್ತಿರಲಿಲ್ಲ. ಬಟ್ಟೆ ಹರವಿ ಒಳಗೆ ಬಂದು, ಸೀರೆ ಬದಲಿಸಿ, ಚೀಲದಲ್ಲಿ ಖಾಲಿ ಜಾಮಿನ ಬಾಟಲಿ ಇಟ್ಟುಕೊಂಡು ಬಸ್‌ಸ್ಟ್ಯಾಂಡಿಗೆ ನಡೆದೆ.

ಎನ್.ಆರ್. ಪುರದ ಬಸ್ಸಿನಲ್ಲಿ ಕಿಟಕಿಯ ಸೀಟು ಸಿಕ್ಕಿತು. ಮುಂದಿನ ಸೀಟಿನಲ್ಲಿ ಇಬ್ಬರು ಹೆಂಗಸರು ಒಂದೇ ಪೊಟ್ಟಣದಿಂದ ನೆಲಗಡಲೆ ತಿನ್ನುತ್ತಿದ್ದರು. ಒಬ್ಬಳು ಸುಲಿದು ಇನ್ನೊಬ್ಬಳ ಅಂಗೈಗೆ ಹಾಕುವುದು, ಅವಳು ಕೇಳದೆಯೇ ಇವಳು ಹಾಕುವುದು. ಅವರ ಊರು ಬರುವವರೆಗೂ ಅದನ್ನೇ ನೋಡಿದೆ. ಅವರು ಇಳಿದು ಹೋದ ಮೇಲೆ ಸೀಟಿನ ಕೆಳಗೆ ಸಿಪ್ಪೆಯ ಸಣ್ಣ ರಾಶಿ ಬಸ್ಸು ತಿರುಗಿದಾಗಲೆಲ್ಲ ಆ ಕಡೆಗೊಮ್ಮೆ ಈ ಕಡೆಗೊಮ್ಮೆ ಸರಿಯುತ್ತಿತ್ತು.

ಅಕ್ಕ ಬಾಗಿಲಲ್ಲೇ ಎದೆಯ ಮೇಲೆ ಕೈಯಿಟ್ಟುಕೊಂಡರು. "ಎಂತ ಮಾರಾಯ್ತಿ, ಫೋನೂ ಮಾಡ್ದೆ ಬಂದ್ಬಿಟ್ಟೆ? ತಮ್ಮ ಹುಷಾರಿದಾನೆ ತಾನೆ?"

"ಹುಷಾರಿದ್ದಾರೆ ಅಕ್ಕ. ಸುಮ್ಮನೆ ಬಂದೆ."

"ನೀನು ಸುಮ್ನೆ ಬರೋಳಲ್ಲ. ಕಾರ್ಡು ಕೊಟ್ಟು ಕರೆದ್ರೂ ಊಟ ಮುಗಿದ್ಕೂಡ್ಲೆ ಚಪ್ಪಲಿ ಹುಡ್ಕೋಳು." ಒಳಗೆ ಕರೆದುಕೊಂಡು ಹೋಗಿ ಕೈಗೆ ನೀರು ಕೊಟ್ಟರು.

ಊಟವಾಯಿತು. ಬದನೆಕಾಯಿ ಎಣ್ಣೆಗಾಯಿ ಎರಡು ಸಲ ಬಡಿಸಿದರು. ಎಮ್ಮೆಯ ವಿಷಯ, ಸೊಸೆಯ ಹಲ್ಲುನೋವಿನ ವಿಷಯ, ಕರೆಂಟಿನ ವಿಷಯ ಬಂತು. ಕೇಳಬೇಕಾದದ್ದನ್ನು ಎಲೆಅಡಿಕೆಯವರೆಗೂ ಮುಂದೂಡಿದೆ. ಕೊನೆಗೆ, "ಅಕ್ಕ, ಆ ಜುನ್ ಇದೆಯಲ್ಲ..." ಎಂದೆ.

"ಈಗೆಲ್ಲಿಯ ಜೂನು? ಈಗ ಜನವರಿ."

"ತಿಂಗಳಲ್ಲ. ನಾನು ಕೊಟ್ಟಿದ್ದೆನಲ್ಲ, ಟೀ."

"ಹಾಂ, ಅದೇ ಹೇಳಿದ್ದು. ಜೂನ್ ಟೀ. ಜೂನಲ್ಲಿ ಮಾಡ್ದೆ. ದಿನಾ ಒಂದೊಂದು ಲೋಟ ಕುಡ್ದೆ. ಮೂವತ್ತನೇ ತಾರೀಕಿಗೆ ಪಾತ್ರೆ ತೊಳೆದು ಕವುಚಿ ಹಾಕ್ದೆ."

ಏಕೆಂದು ಕೇಳಿದೆ. ಅಕ್ಕನಿಗೆ ನನ್ನ ಪ್ರಶ್ನೆಯೇ ವಿಚಿತ್ರವೆನಿಸಿತು. "ಜೂನ್ ಮುಗೀತಲ್ಲ ಮಾರಾಯ್ತಿ. ಆಯಾ ತಿಂಗಳಿಗೆ ಆಯಾ ಮದ್ದು ಇರ್ತದೆ. ತಿಂಗಳು ಮೀರಿ ಕುಡಿದ್ರೆ ನಂಜಾದ್ರೆ ಯಾರಿಗೆ ಬೇಕು? ನೀನೇ ಬರ್ದು ಕೊಟ್ಟಿದ್ದು ನೋಡು ಬೇಕಾದ್ರೆ." ಎದ್ದು ಕ್ಯಾಲೆಂಡರಿನ ಹಿಂದಿನಿಂದ ಚೀಟಿ ತೆಗೆದು ತಂದರು. ನನ್ನದೇ ಅಕ್ಷರ. ಎಲ್ಲಕ್ಕಿಂತ ಮೇಲೆ, ಸ್ಕೇಲಿಟ್ಟು ಎಳೆದ ಗೆರೆಯ ಮೇಲೆ, "ಜೂನ್ ಟೀ" ಎಂದಿತ್ತು. ಬರೆಯುವಾಗ ದೀರ್ಘ ಹಾಕಿದರೇ ಚೆನ್ನಾಗಿ ಕಾಣುತ್ತದೆಂದು ಹಾಕಿದ್ದೆ.

"ಮತ್ತೆ ಆ ಬಿಲ್ಲೆ?"

"ಎಮ್ಮೆ ಮುಸುರೆಗೆ ಹಾಕ್ದೆ. ಎರಡು ದಿನ ಭಾರಿ ಚುರುಕಾಗಿತ್ತು ಎಮ್ಮೆ. ಬರೋ ಜೂನಿಗೆ ನಿನ್ ಹತ್ರ ತಗಂಡ್ರಾಯ್ತು ಅಂತ ಇದ್ದೆ."

ನನಗೆ ನಗು ಬಂತು. ಅಕ್ಕನೂ ನಕ್ಕರು. ನಗುತ್ತಿರುವಾಗಲೇ ನನ್ನ ಕಣ್ಣಲ್ಲಿ ನೀರು ಬಂದದ್ದನ್ನು ನೋಡಿ ಅವರು ಎಲೆಗೆ ಸುಣ್ಣ ಹಚ್ಚುವುದನ್ನು ನಿಲ್ಲಿಸಿದರು. ಸಿಸ್ಟರಿನ ಪತ್ರದ ವಿಷಯ ಹೇಳಿದೆ. ಬೂಷ್ಟಿನ ವಿಷಯ, ಶೃಂಗೇರಿಯ ವಿಷಯ, ನಾಳೆ ಹತ್ತು ಗಂಟೆಯ ವಿಷಯ. ನಾನು ಅಷ್ಟು ಉದ್ದಕ್ಕೆ ಅವರ ಹತ್ತಿರ ಯಾವತ್ತೂ ಮಾತಾಡಿರಲಿಲ್ಲ.

"ಮತ್ಯಾರಿಗೂ ಕೊಟ್ಟಿಲ್ವಾ?"

"ಪಕ್ಕದ ಮನೆಯವರಿಗೆ ಕೊಟ್ಟಿದ್ದೆ."

"ಅವ್ರೆಂತ ಅಂದ್ರು?"

"ಕೇಳಿಲ್ಲ."

ಅಕ್ಕ ಸುಣ್ಣದ ಡಬ್ಬಿ ಮುಚ್ಚಿಟ್ಟರು. "ಗೋಡೆ ಆಚೆ ಇರೋದನ್ನ ಬಿಟ್ಟು ಬಸ್ಸು ಹತ್ತಿ ಇಲ್ಲೀ ತನಕ ಬಂದ್ಯಾ? ನಿಂಗೆ ಎಂತ ಹೇಳೂದು ಮಾರಾಯ್ತಿ." ಬೈಗುಳವಿರಲಿಲ್ಲ ಆ ಮಾತಿನಲ್ಲಿ. ಹೊರಡುವಾಗ ನನ್ನ ಖಾಲಿ ಬಾಟಲಿಯನ್ನು ಕೈಯಿಂದ ತೆಗೆದುಕೊಂಡು ಅದರ ತುಂಬ ಮಿಡಿ ಉಪ್ಪಿನಕಾಯಿ ಹಾಕಿಕೊಟ್ಟರು. ಬೇಡವೆಂದು ಹೇಳುವಷ್ಟರಲ್ಲಿ ಮುಚ್ಚಳ ಬಿಗಿದಾಗಿತ್ತು.

ಮೂರೂವರೆಯ ಬಸ್ಸು ಬರಲಿಲ್ಲ. ನಾಲ್ಕೂಮುಕ್ಕಾಲಿಗೆ ಬಂದ ಬಸ್ಸು ಹತ್ತಿದೆ. ಸಿಸ್ಟರಿಗೆ ಏನು ಬರೆಯುವುದೆಂದು ಯೋಚಿಸಿದೆ. ಕಿರಿಯ ಸಿಸ್ಟರಿನ ಕೈಯಲ್ಲಿ ಬರೀ ಚೀಟಿ ಕಳಿಸಬೇಕಾಗುತ್ತದೆ. ಅದನ್ನು ಅವರು ಕಿಟಕಿಯ ಹತ್ತಿರ ಹಿಡಿದು ಓದುವುದು ಕಣ್ಣಿಗೆ ಕಟ್ಟಿತು. ಓದಿ, "ಇರಲಿ, ಪರವಾಗಿಲ್ಲ," ಎನ್ನುತ್ತಾರೆ. ಅವರು ಹಾಗೆಯೇ ಅನ್ನುವವರು. ನಾನು ಕಲಿತದ್ದೂ ಅವರಿಂದಲೇ. ಅದಕ್ಕಿಂತ ಪಕ್ಕದ ಮನೆಯ ಬಾಗಿಲು ತಟ್ಟುವುದು ಸುಲಭವೆಂದು ಆ ಬಸ್ಸಿನಲ್ಲಿ ಅನಿಸಿತು. ಹೇಳಬೇಕಾದ ವಾಕ್ಯವನ್ನು ಮನಸ್ಸಿನಲ್ಲೇ ಜೋಡಿಸಿಕೊಂಡೆ, ಶಾಲೆಯಲ್ಲಿ ಭಾಷಣ ಸ್ಪರ್ಧೆಗೆ ಬಾಯಿಪಾಠ ಮಾಡಿದಂತೆ. ಕೊಪ್ಪದ ಬಸ್‌ಸ್ಟ್ಯಾಂಡ್ ಬರುವಷ್ಟರಲ್ಲಿ ಅದು ಬಹಳ ಉದ್ದವಾಗಿಬಿಟ್ಟಿತ್ತು.

ಇಳಿದಾಗ ಆರೂಕಾಲು ದಾಟಿತ್ತು, ಕತ್ತಲಾಗುತ್ತಿತ್ತು. ನಮ್ಮ ಮನೆಯ ಬೀಗ ತೆಗೆಯದೆ, ಚೀಲವನ್ನು ಗೇಟಿನ ಒಳಗಿಟ್ಟು, ನೇರ ಅವರ ಮನೆಗೆ ಹೋದೆ. ತುಳಸಿಯ ಮುಂದೆ ದೀಪ ಉರಿಯುತ್ತಿತ್ತು. ಬಾಗಿಲು ತೆರೆದೇ ಇತ್ತು. ಅವರು ಟೀವಿಯ ಮುಂದೆ ನೆಲದ ಮೇಲೆ ಕೂತು ಮೊರದಲ್ಲಿ ಬೆಳ್ಳುಳ್ಳಿ ಬಿಡಿಸುತ್ತಿದ್ದರು. ನನ್ನನ್ನು ಕಂಡು ಟೀವಿಯ ಸದ್ದು ಸಣ್ಣ ಮಾಡಿದರು.

"ಬನ್ನಿ. ಎಂತ, ಕರೆಂಟ್ ಹೋಯ್ತಾ ನಿಮ್ಗೆ?"

"ಇಲ್ಲ." ಬಾಯಿಪಾಠ ಮಾಡಿದ್ದೆಲ್ಲ ಮರೆತುಹೋಯಿತು. "ನನ್ನ ತಾಯಿ ಹಾಳಾಯಿತು. ನಿಮ್ಮ ಹತ್ತಿರ ಇದ್ದರೆ ಒಂದು ಚೂರು ಬೇಕಿತ್ತು."

ಅವರಿಗೆ ಒಂದೇ ಸಲಕ್ಕೆ ಅರ್ಥವಾಯಿತು. "ಇದೆಯಲ್ಲ. ಇರದೆ ಎಲ್ಲಿಗೆ ಹೋಗ್ತದೆ? ಬನ್ನಿ," ಎಂದು ಮಂಡಿಗೆ ಕೈಯೂರಿ ಎದ್ದರು.

ಕೊಪ್ಪಕ್ಕೆ ಬಂದ ಒಂಬತ್ತು ವರ್ಷದಲ್ಲಿ ಅವರ ಅಡುಗೆಮನೆಯನ್ನು ನಾನು ನೋಡಿರಲಿಲ್ಲ. ನಮ್ಮದರಷ್ಟೇ ಇತ್ತು, ನಮ್ಮದನ್ನು ತಿರುಗಿಸಿ ಇಟ್ಟಂತೆ. ನಮ್ಮ ಒಲೆಯ ಗೋಡೆಯೇ ಅವರ ಒಲೆಯ ಗೋಡೆ. ಅದರ ಪಕ್ಕದ ಮಾಡದಲ್ಲಿ, ಬೆಚ್ಚಗಿರುವ ಜಾಗದಲ್ಲಿ ಭರಣಿ. ಬಟ್ಟೆ ಸರಿಸಿದರು. ಒಳಗೆ ತಾಯಿ ನಾಲ್ಕು ಪದರವಾಗಿ ಬೆಳೆದು, ಹಾಲಿನ ಕೆನೆಯ ಬಣ್ಣಕ್ಕೆ, ಒಂದು ಕಲೆಯಿಲ್ಲದೆ ತೇಲುತ್ತಿತ್ತು. ಹುಳಿ ಪರಿಮಳ ಮೂಗಿಗೆ ಬಂತು.

"ನಮ್ಮನೆಯವ್ರಿಗೆ ಹೊಟ್ಟೆ ಉಬ್ಬರಕ್ಕೆ ಇದೇ ಆಗ್ಬೇಕು ಈಗ. ಆ ಪದರ ಎಲ್ಲ ಎಂತ ಮಾಡೂದು ಗೊತ್ತಾಗ್ದೆ ಹಾಗೇ ಬಿಟ್ಟಿದ್ದು. ನಿಮ್ಗೆ ಇದ್ದೇ ಇರ್ತದಲ್ಲ, ನಿಮ್ಗೆ ಕೊಡೂದೆಂತ ಅಂತ ಕೊಡ್ಲಿಲ್ಲ."

ನಾನು ಪತ್ರದ ವಿಷಯ ಹೇಳಿದೆ. ಅವರು ಕೇಳುತ್ತ ಹೂಂಗುಟ್ಟಿದರು. ನನ್ನ ಕೈ ತಾನಾಗಿಯೇ ಭರಣಿಯ ಕಡೆಗೆ ಹೋಗಿತ್ತು. ಅವರು ಮೆಲ್ಲಗೆ ಬಟ್ಟೆ ಮುಚ್ಚಿ ದಾರ ಕಟ್ಟಿದರು.

"ಈಗ ಕೊಡೂಕಾಗಲ್ಲ. ದೀಪ ಹಚ್ಚಾಯ್ತು."

"ದೀಪಕ್ಕೂ ಇದಕ್ಕೂ ಏನು?"

"ದೀಪ ಹಚ್ಚಿದ್ಮೇಲೆ ಹೆಪ್ಪು ಮನೆಯಿಂದ ಆಚೆ ಕೊಡ್ತಾರಾ ಎಲ್ಲಾದ್ರೂ?"

"ಇದು ಹೆಪ್ಪಲ್ಲ."

"ಹೆಪ್ಪಲ್ದೆ ಮತ್ತೆಂತ? ಒಂದು ಚೂರು ಹಾಕಿದ್ರೆ ಪಾತ್ರೆ ಪೂರ್ತಿ ಹುಳಿಯಾಗ್ತದೆ. ನೀವು ಇಂಗ್ಲಿಷಲ್ಲಿ ಎಂತ ಬೇಕಾದ್ರೂ ಹೇಳ್ಕೊಳ್ಳಿ." ನನ್ನ ಮುಖ ನೋಡಿ ನಕ್ಕರು. "ಆ ಸಿಸ್ಟರಮ್ಮ ಬರೂದು ಹತ್ತು ಗಂಟೆ ಬಸ್ಸಿಗಲ್ವಾ? ಬೆಳಗಾಗ್ಲಿ. ಹೊಸಿಲು ತೊಳೆದ್ಕೂಡ್ಲೆ ಪಾತ್ರೆ ಹಿಡ್ಕೊಂಡು ಬಂದ್ರಾಯ್ತು. ಎರಡು ಪದರ ಕೊಡ್ತೆ, ನಿಮ್ಗೊಂದು, ಅವರಿಗೊಂದು."

ಸರಿ ಎಂದೆ. ಬಾಗಿಲ ಹತ್ತಿರ ಬಂದು ಚಪ್ಪಲಿ ಮೆಟ್ಟಿಕೊಂಡೆ. ಅವರು ಆಗಲೇ ಟೀವಿಯ ಮುಂದೆ ಕೂತು ಮೊರವನ್ನು ತೊಡೆಗೆ ಎಳೆದುಕೊಂಡಿದ್ದರು.

"ಒಂಬತ್ತು ವರ್ಷಕ್ಕೆ ಒಂದ್ಸಲ ಕೇಳೂಕೆ ಬಂದೆ ನೀನು, ಅದೂ ದೀಪ ಹಚ್ಚಿದ್ಮೇಲೆ," ಎಂದರು, ಬೆಳ್ಳುಳ್ಳಿಯಿಂದ ಕಣ್ಣೆತ್ತದೆ.